ಬೈಕಿಗೆ ಬ್ಲೌಸಿನ ಅಳತೆ

ಆ ಭಾನುವಾರ ನಮ್ಮ ಮನೆಯವರು ಅಂಗಳದಲ್ಲಿ ಬೈಕಿನ ಮೇಲೆ ಕೂತಿದ್ದರು. ತಲೆಗೆ ಹೆಲ್ಮೆಟ್, ಕಾಲಿಗೆ ಮೊಣಕಾಲು ಮುಟ್ಟುವ ಬೂಟು, ಬೆನ್ನಿಗೆ ನೀರಿನ ಚೀಲ, ಹಿಂದೆ ಡೇರೆ, ಸ್ಟೌವ್, ಹಗ್ಗ. ಹೊರಟಿದ್ದು ಎಲ್ಲಿಗೂ ಅಲ್ಲ. ನಾನು ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಅಳತೆ ಟೇಪು ಹಿಡಿದಿದ್ದೆ.

ನನ್ನ ಕಸುಬು ಬ್ಲೌಸ್ ಹೊಲಿಯುವುದು. ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯಲ್ಲೇ ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ಅವರು ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನಮಗೆ ಮಕ್ಕಳಿಲ್ಲ, ಬೈಕಿತ್ತು. ಟಾರು ರಸ್ತೆಯಲ್ಲೂ ಮಣ್ಣಿನ ಹಾದಿಯಲ್ಲೂ ಓಡುವ ಎತ್ತರದ ಬೈಕು. ಹನ್ನೆರಡು ದಿನ ಹಳ್ಳ, ಗುಡ್ಡ, ಕುರುಚಲು ಕಾಡಿನ ದಾರಿ ಹಿಡಿದು ಹೋಗುವುದು, ಸಂಜೆಯಾದಲ್ಲಿ ಡೇರೆ ಹಾಕುವುದು, ನಾನು ಹಿಂದೆ ಕೂರುವುದು. ಇದು ಅವರ ಯೋಜನೆ. ತಯಾರಿ ಮೂರು ವರ್ಷದಿಂದ ನಡೆದಿತ್ತು. ಪ್ರಯಾಣ ಮಾತ್ರ ನಡೆದಿರಲಿಲ್ಲ!

ಅಂದಿನ ಕೆಲಸ ಇಷ್ಟು: ಸಾಮಾನು, ಸವಾರ ಎಲ್ಲ ಹೊತ್ತಾಗ ಬೈಕಿನ ಹಿಂಭಾಗ ಎಷ್ಟು ಕುಸಿಯುತ್ತದೆ ಎಂದು ಅಳೆದು, ಹಿಂದಿನ ಸ್ಪ್ರಿಂಗನ್ನು ಅದಕ್ಕೆ ತಕ್ಕಂತೆ ಬಿಗಿ ಮಾಡುವುದು.

“ಉಸಿರು ಹಿಡೀಬ್ಯಾಡ್ರಿ, ಸಹಜ ಕೂಡ್ರಿ” ಎಂದೆ, ಗಿರಾಕಿಗಳಿಗೆ ಹೇಳುವ ಹಾಗೆ.

“ಹಿಡಿದ್ರೂ ಬಿಟ್ರೂ ನನ್ನ ತೂಕ ಅಷ್ಟೇ ಕಣೇ.”

“ಹಂಗಂದೋರ ಬ್ಲೌಸೇ ಬಿಗಿ ಅಂತ ವಾಪಸ್ ಬರೋದು.”

ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ತಿಂದೆವು. ಮರುದಿನ ಕೆಲಸಕ್ಕೆ ಹೋದವರು ಚಹಾದ ವೇಳೆಗೆ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿದ್ದರು.

ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಮುಂದಿನದೆಲ್ಲ ನನ್ನ ಪ್ರತಾಪ. ಅದಕ್ಕೆ ನಗಲು ಅಡ್ಡಿಯಿಲ್ಲ.

ಎಂಟು ತಿಂಗಳಾದ ಮೇಲೆ ನನ್ನ ಮೈದುನ ಮಂಜುನಾಥ ಬಂದ. ನಮ್ಮ ಮನೆಯವರಿಗೆ ಒಬ್ಬನೇ ತಮ್ಮ, ಒಳ್ಳೆಯವನು. ಚಹಾ ಕುಡಿಯುತ್ತ ಅಂಗಳದ ಬೈಕನ್ನೇ ನೋಡುತ್ತ ಕೂತ.

“ಅತ್ತಿಗೆ, ನಿಂತಲ್ಲೇ ನಿಂತ್ರೆ ಗಾಡಿ ತುಕ್ಕು ಹಿಡೀತೈತೆ. ತಗೊಳ್ಳೋರು ಒಬ್ರು ಅದಾರೆ. ಮುಂದಿನ ತಿಂಗಳು ಮೊದಲನೇ ಭಾನುವಾರ ಕರ್ಕೊಂಡು ಬರ್ಲಾ?”

“ಮಾರೋದು ಬ್ಯಾಡಪ್ಪ. ನಾನೇ ಓಡಿಸ್ತೀನಿ.”

ಅವನು ಬೈಕನ್ನು ನೋಡಿದ. ನನ್ನನ್ನು ನೋಡಿದ. ಇಬ್ಬರಲ್ಲಿ ಬೈಕೇ ಎತ್ತರ.

“ಆತು. ಆ ಭಾನುವಾರದೊಳಗೆ ನೀವು ಹರಿಹರದ ಹೊಳೆ ತನಕ ಓಡಿಸ್ಕೊಂಡು ಹೋಗಿ, ಡೇರೆ ಹಾಕಿ, ಬೀಳದಂಗೆ ವಾಪಸ್ ಬರ್ರಿ. ಮಾರೋ ಮಾತು ಮತ್ತೆ ಎತ್ತಲ್ಲ. ಆಗ್ಲಿಲ್ಲ ಅಂದ್ರೆ ಕೊಟ್ಬಿಡೋಣ.”

ಅವನು ಹೋದ ಮೇಲೆ ಈ ವಿಷಯವನ್ನು ಚರ್ಚಿಸಲು ಮನೆಯ ಎಲ್ಲ ಸದಸ್ಯರ ತುರ್ತು ಸಭೆ ಸೇರಿತು. ಸದಸ್ಯೆ ನಾನೊಬ್ಬಳೇ. ಸವಾಲನ್ನು ಸ್ವೀಕರಿಸುವ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು!

ನನಗೆ ಧೈರ್ಯವಿತ್ತು. ಹದಡಿ ರಸ್ತೆಯಲ್ಲಿ ಅವರ ಹಳೆಯ ಸಣ್ಣ ಬೈಕಿನಲ್ಲಿ ಗೇರು ಹಾಕಲು ಕಲಿತಿದ್ದೆ. ಲೈಸೆನ್ಸೂ ಇತ್ತು. ತೊಂದರೆ ಒಂದೇ: ಈ ಬೈಕಿನ ಮೇಲೆ ಕೂತರೆ ನನ್ನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಬೈಕು ಅವರ ಅಳತೆಯದು. ಬೇರೆಯವರ ಅಳತೆಯದು ನಮಗೆ ಕೂರದಿದ್ದರೆ ಏನು ಮಾಡಬೇಕು? ಆಲ್ಟರ್ ಮಾಡಬೇಕು. ದಾವಣಗೆರೆಯಲ್ಲಿ ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಮೊದಲು ಸ್ಪ್ರಿಂಗ್ ಸಡಿಲಿಸಿ ಬೈಕನ್ನು ಕೆಳಗಿಳಿಸಬೇಕು. ಆದರೆ ಕೂತವಳಿಗೆ ಅಳೆಯಲು ಆಗದು, ಅಳೆಯುವವಳಿಗೆ ಕೂರಲು ಆಗದು. ಪಕ್ಕದ ಮನೆಯ ಶಮೀಮಳನ್ನು ಕರೆದೆ. ನನ್ನ ಗಿರಾಕಿಗಳ ಸೀರೆಗೆ ಫಾಲ್ ಹಚ್ಚುವವಳು ಅವಳೇ. ನಾನು ಸ್ಪ್ಯಾನರಿನಿಂದ ಒಂದೊಂದೇ ಸುತ್ತು ಸಡಿಲಿಸಿ ಹತ್ತಿ ಕೂರುವುದು, ಅವಳು ಎಷ್ಟು ಇಳಿಯಿತೆಂದು ಟೇಪು ನೋಡಿ ಹೇಳುವುದು.

“ಒಂದಾತು ಅಕ್ಕ. ಎರಡಾತು. ಹಾಂ, ಮೂರಾತು!”

ಬೈಕು ಮೂರು ಇಂಚು ಇಳಿದಿತ್ತು. ನನ್ನ ಕಾಲು ಮಾತ್ರ ಗಾಳಿಯಲ್ಲೇ ಇತ್ತು. ನನ್ನ ಕಾಲೇ ಗಿಡ್ಡವಾಗುತ್ತಿದೆಯೇನೋ ಎಂದು ಗಾಬರಿಯಾಯಿತು. ಇಳಿದು ಬಂದು ನೋಡಿದರೆ ಶಮೀಮ್ ಟೇಪಿನ ಹಿಂಬದಿ ಓದುತ್ತಿದ್ದಾಳೆ. ಅದು ಸೆಂಟಿಮೀಟರು!

“ಫಾಲ್ ಹಚ್ಚೋಳಿಗೆ ಇಂಚಿಗೂ ಸೆಂಟಿಗೂ ಫರಕ್ ಗೊತ್ತಾಗಲ್ವೇನೇ?”

“ಫಾಲ್ ಸೀರೆಯಷ್ಟೇ ಉದ್ದ ಇರ್ತೈತೆ ಅಕ್ಕ. ನಾನು ಯಾವತ್ತು ಅಳೆದೀನಿ?”

ಸಿಟ್ಟಿನಲ್ಲಿ ಸ್ಪ್ರಿಂಗನ್ನು ಕೊನೆಯ ಸುತ್ತಿನವರೆಗೂ ಸಡಿಲಿಸಿಬಿಟ್ಟೆ. ಒಂದೂವರೆ ಇಂಚು ಇಳಿಯಿತು. ವಿಜಯೋತ್ಸವಕ್ಕೆಂದು ಇಬ್ಬರೂ ನೀರು ಕುಡಿಯಲು ಒಳಗೆ ಹೋದೆವು. ಹೊರಗೆ ಧಡ್ ಎಂದಿತು. ಬೈಕು ಗಿಡ್ಡವಾದರೂ ಅದರ ಸೈಡ್ ಸ್ಟ್ಯಾಂಡ್ ಮೊದಲಿನಷ್ಟೇ ಉದ್ದವಿತ್ತು. ಎಡಕ್ಕೆ ಒರಗಿ ನಿಲ್ಲಬೇಕಾದ ಗಾಡಿ ನೆಟ್ಟಗೆ ನಿಂತು, ಯೋಚಿಸಿ, ಬಲಕ್ಕೆ ಬಿದ್ದಿತ್ತು. ಶಮೀಮಳ ಅತ್ತೆ ಒಣಹಾಕಿದ್ದ ಸಂಡಿಗೆಯ ಮೇಲೆ! ಬೈಕಿಗೆ ಒಂದು ಗೀರೂ ಆಗಲಿಲ್ಲ. ಸಂಡಿಗೆ ಅಷ್ಟು ಮೆತ್ತಗಿದ್ದವು.

ಸ್ಟ್ಯಾಂಡನ್ನು ಗಿಡ್ಡ ಮಾಡಿಸಲು ವೆಲ್ಡಿಂಗ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿಯವರು ಕೇಳಿದರು, “ನಡುವೆ ಕೊಯ್ದು ಜೋಡಿಸ್ಲೇನ್ರಿ?” ಲಂಗ ಗಿಡ್ಡ ಮಾಡಬೇಕಾದರೆ ಯಾರಾದರೂ ನಡುವೆ ಕತ್ತರಿಸುತ್ತಾರೆಯೇ? ಅಂಚಿನಿಂದಲೇ ಅಲ್ಲವೇ! “ಬ್ಯಾಡ್ರಿ, ಕೆಳಗಿಂದ ಒಂದಿಂಚು ತೆಗೀರಿ” ಎಂದು ಅಪ್ಪಣೆ ಕೊಟ್ಟೆ. ಅವರು ನನ್ನ ಮುಖ ನೋಡಿ ಕೊಯ್ದರು. ಸ್ಟ್ಯಾಂಡಿನ ಕೆಳಗೆ ನೆಲಕ್ಕೂರುವ ಒಂದು ಚಪ್ಪಟೆ ಪಾದವಿರುತ್ತದೆ. ಆ ಪಾದವೇ ಹೋಯಿತು. ಉಳಿದದ್ದು ಒಂದು ಕಬ್ಬಿಣದ ಮೊಳೆ.

ಇನ್ನು ಸೀಟು. ಇಲ್ಲಿ ನಾನು ಯಾರ ಮಾತೂ ಕೇಳುವ ಅಗತ್ಯವಿರಲಿಲ್ಲ. ಇದು ನನ್ನದೇ ಇಲಾಖೆ. ಹೊದಿಕೆಯ ಪಿನ್ನುಗಳನ್ನು ಕಿತ್ತೆ. ಒಳಗೆ ಹಳದಿ ಫೋಮು. ಮುಂದೆ ನಡುವೆ ಒಂದು ತಗ್ಗು ಬಿದ್ದಿತ್ತು. ಆ ತಗ್ಗು ಬಲಕ್ಕೆ ಒಂದು ಬೆರಳಿನಷ್ಟು ಹೆಚ್ಚು ಇಳಿದಿತ್ತು. ಹೊಲಿಗೆಯವಳ ಕಣ್ಣಿಗೆ ಸೊಟ್ಟ ಎಂದರೆ ಸೊಟ್ಟ, ಅದನ್ನು ಹಾಗೇ ಬಿಡುವಂತಿಲ್ಲ. ದೊಡ್ಡ ಕತ್ತರಿ ಹಿಡಿದು ಸುತ್ತಲಿನ ಎತ್ತರವನ್ನೆಲ್ಲ ಚೂರುಚೂರಾಗಿ ತೆಗೆದು, ತಗ್ಗಿನ ಮಟ್ಟಕ್ಕೆ ತಂದು ಸಮ ಮಾಡಿದೆ. ಹೊಸ ಹೊದಿಕೆ ಹೊಲಿದು, ಅಂಚಿಗೆ ಕೆಂಪು ಪೈಪಿಂಗ್ ಕೊಟ್ಟು, ಎರಡೆರಡು ಹೊಲಿಗೆ ಹಾಕಿದೆ.

ಶಮೀಮ್ ಕೈಯಾಡಿಸಿ ನೋಡಿದಳು. “ಬ್ಲೌಸಿನ ಬೆನ್ನಿಗೆ ಕಟ್ಟೋ ಹಂಗೆ ಇದಕ್ಕೂ ಎರಡು ಲಟ್ಕನ್ ಕಟ್ಟಿದ್ರೆ ಸೀದಾ ಮದುವೆಗೆ ಹೋಗಬಹುದು ಅಕ್ಕ!” ಎಂದಳು. ಕಸವಾದ ಫೋಮನ್ನು ದಿಂಬಿಗೆ ಬೇಕೆಂದು ಒಂದಿಷ್ಟು ತೆಗೆದುಕೊಂಡು ಹೋದಳು. ಉಳಿದದ್ದನ್ನು ನನ್ನ ಚೂರುಬಟ್ಟೆಯ ಚೀಲಕ್ಕೆ ತುಂಬಿದೆ.

ಹತ್ತಿ ಕೂತೆ. ಎರಡೂ ಪಾದ ನೆಲಕ್ಕೆ ಮುಟ್ಟಿದವು! ಆ ಸಂತೋಷವನ್ನು ಹೇಳಲು ಒಳಗೆ ಹೋದೆ. ಒಳಗೆ ಹೋದ ಮೇಲೆ ಹೇಳುವುದು ಯಾರಿಗೆ ಎಂದು ನೆನಪಾಯಿತು. ಒಂದು ಲೋಟ ಚಹಾ ಮಾಡಿಕೊಂಡು ಕುಡಿದೆ.

ಗಡುವಿನ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಹೊರಟೆ. ಡೇರೆ, ಸ್ಟೌವ್, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಹೊದಿಯಲು ಎರಡು ದುಪ್ಪಟಿ, ಒಂದು ಪ್ಲಾಸ್ಟಿಕ್ ಬಕೆಟ್, ಸೂಜಿದಾರದ ಡಬ್ಬಿ. ಎಲ್ಲವನ್ನೂ ಹಿಂದೆ ಗೋಪುರದಂತೆ ಕಟ್ಟಿದ್ದರಿಂದ ಕಾಲು ಆಚೆ ಹಾಕಲು ಜಾಗವೇ ಉಳಿದಿರಲಿಲ್ಲ. ಮನೆ ಮುಂದಿನ ಕಟ್ಟೆ ಹತ್ತಿ, ಕುದುರೆ ಏರಿದಂತೆ ಏರಿದೆ. ಶಮೀಮಳ ಅತ್ತೆ ಉಳಿದ ಸಂಡಿಗೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು.

ಹರಿಹರದವರೆಗೆ ಬೈಕಿನ ಹಿಂಭಾಗ ಕುಸಿದು, ಮುಂಭಾಗ ಆಕಾಶ ನೋಡುತ್ತಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಸಡಿಲ ಸ್ಪ್ರಿಂಗು ಧಡ್ ಎನ್ನುತ್ತಿತ್ತು, ಬಕೆಟ್ಟು ಧಡಲ್ ಎನ್ನುತ್ತಿತ್ತು, ನಾನು ಶಿವಾ ಎನ್ನುತ್ತಿದ್ದೆ. ಆದರೂ ಮುಟ್ಟಿದೆ. ಹೊಳೆದಂಡೆಯ ಉಸುಕಿಗೆ ಇಳಿಸಿ, ಸ್ಟ್ಯಾಂಡ್ ಹಾಕಿ, ಮೆಲ್ಲಗೆ ಇಳಿದೆ. ಕೈ ಬಿಟ್ಟೆ.

ಪಾದವಿಲ್ಲದ ಸ್ಟ್ಯಾಂಡು ಉಸುಕಿನೊಳಗೆ ದಬ್ಬಣದಂತೆ ಇಳಿಯಿತು. ಬೈಕು ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಮಲಗಿತು.

ದಂಡೆಯಲ್ಲಿ ಒಬ್ಬರು ಎಮ್ಮೆ ಮೈ ತೊಳೆಯುತ್ತಿದ್ದರು. “ಯಮ್ಮಾ, ತಡೀರಿ, ಒಬ್ರೇ ಎತ್ತಬ್ಯಾಡ್ರಿ!” ಎಂದು ಓಡಿಬಂದರು. ಇಬ್ಬರೂ ಸೇರಿ ಎತ್ತಿದೆವು. ಸ್ಟ್ಯಾಂಡಿನ ಕೆಳಗೆ ಅವರೇ ಒಂದು ಕಲ್ಲು ತಂದಿಟ್ಟರು.

“ಇಷ್ಟೆಲ್ಲ ಕಟ್ಕೊಂಡು ಎಲ್ಲಿಗೆ ಹೊಂಟಿದ್ರಿ?”

“ಇಲ್ಲಿಗೇ.”

“ಇಲ್ಲಿಗಾ! ನಾನು ಕಾಶಿಗೇನೋ ಅನ್ಕಂಡೆ.” ನಕ್ಕರು. “ಬೇಜಾರು ಮಾಡ್ಕಬ್ಯಾಡ್ರಿ. ನಮ್ಮ ಎಮ್ಮೆನೂ ಹಿಂಗೇ, ಉಸುಕು ಕಂಡ್ರೆ ಮಲಗ್ತೈತೆ.”

ಹೆಗಲ ಮೇಲಿನ ಟವೆಲಿನಿಂದ ಸೀಟಿನ ಉಸುಕು ಒರೆಸಿದರು. ಅಂಗೈಯಿಂದ ಒತ್ತಿ ನೋಡಿ, “ಸೀಟು ಮಾತ್ರ ಭಾಳ ಚಂದ ಐತ್ರಿ. ಇದರ ಮ್ಯಾಲೆ ಯಾರೂ ಕೂತೇ ಇಲ್ಲೇನೋ ಅನ್ನಂಗೈತೆ” ಎಂದರು.

ಹೊಲಿಗೆಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಾನೂ ಅಂಗೈಯಿಂದ ಸೀಟನ್ನು ಒತ್ತಿ ನೋಡಿದೆ. ಎಲ್ಲಿ ಒತ್ತಿದರೂ ಒಂದೇ ಸಮ.

ಮೂರು ವರ್ಷ ನಮ್ಮ ಮನೆಯವರು ಅದರ ಮೇಲೆ ಕೂತಿದ್ದರು. ಕಾರ್ಖಾನೆಗೆ ಹೋಗುವಾಗ, ಬರುವಾಗ, ಸುಮ್ಮನೆ ಅಂಗಳದಲ್ಲಿ ನಿಲ್ಲಿಸಿಕೊಂಡು. ಅವರ ಅಂಗಿ, ಪ್ಯಾಂಟುಗಳನ್ನು ಬಂಧುಗಳು ಆಗಲೇ ಯಾರು ಯಾರಿಗೋ ಕೊಟ್ಟುಬಿಟ್ಟಿದ್ದರು. ಅವರ ಮೈಯ ಅಳತೆ ಎಂದು ಈ ಭೂಮಿಯ ಮೇಲೆ ಉಳಿದಿದ್ದದ್ದು ಆ ತಗ್ಗು ಒಂದೇ. ಸೊಟ್ಟವಿದೆ ಎಂದು ನಾನು ಅದನ್ನು ಸಮ ಮಾಡಿದ್ದೆ. ಪೈಪಿಂಗ್ ಕೊಟ್ಟು!

ಡೇರೆ ಬಿಚ್ಚಲಿಲ್ಲ. ಬಟ್ಟೆ ಒಗೆಯುವ ಕಲ್ಲು ಹತ್ತಿ ಬೈಕು ಏರಿ ಮನೆಗೆ ಬಂದೆ.

ಭಾನುವಾರ ಮಂಜುನಾಥ ಕೊಳ್ಳುವವರನ್ನು ಕರೆದುಕೊಂಡು ಬಂದಾಗ ಅಂಗಳದಲ್ಲಿ ಸೀಟಿಲ್ಲದ ಬೈಕು ಇಟ್ಟಿಗೆಯೊಂದರ ಆಸರೆಯಲ್ಲಿ ನಿಂತಿತ್ತು. ನಾನು ಪಡಸಾಲೆಯಲ್ಲಿ ಫೋಮಿನ ಚೂರುಗಳ ನಡುವೆ ಕೂತಿದ್ದೆ. ತಗ್ಗನ್ನು ನಾನು ಕತ್ತರಿಸಿರಲಿಲ್ಲ. ಅದರ ಸುತ್ತಲಿನದನ್ನು ಕತ್ತರಿಸಿದ್ದೆ. ಸುತ್ತಲಿನದನ್ನು ಮತ್ತೆ ಅಂಟಿಸಿದರೆ ತಗ್ಗು ತಾನಾಗಿ ಬರಬೇಕು. ಇದು ನನ್ನ ಲೆಕ್ಕ.

“ಸೀಟೆಲ್ಲೈತ್ರೀ?” ಎಂದು ಬಂದವರು ಕೇಳಿದರು.

“ಇಲ್ಲೇ ಐತಲ್ರಿ” ಎಂದು ನೆಲ ತೋರಿಸಿದೆ.

ಅವರು ಮಂಜುನಾಥನ ಮುಖ ನೋಡಿ, ಬೈಕಿನ ಸ್ಟ್ಯಾಂಡ್ ನೋಡಿ, ನಾನು ತಂದಿಟ್ಟ ನೀರನ್ನೂ ಕುಡಿಯದೆ ಹೊರಟುಹೋದರು. ಹೀಗೆ, ನಾನು ಓಡಿಸಿ ಉಳಿಸಲಾಗದ ಬೈಕನ್ನು ಕೆಡಿಸಿ ಉಳಿಸಿದೆ!

ಮಂಜುನಾಥ ಬೈಯುತ್ತಾನೆಂದು ಕಾದೆ. ಅವನು ಚಪ್ಪಲಿ ಬಿಟ್ಟು ಎದುರಿಗೆ ಕೂತು ಒಂದು ಚೂರು ಎತ್ತಿಕೊಂಡ.

“ಇದು ಎಡಗಡೆದು ಅತ್ತಿಗೆ. ಬಲಗಡೆದು ಇಷ್ಟು ದಪ್ಪ ಇರಲ್ಲ. ಅಣ್ಣಗೆ ಎಡ ಮೊಣಕಾಲು ನೋಯ್ತಿತ್ತಲ್ಲ, ಬಲಕ್ಕೆ ವಾಲಿ ಕೂಡ್ತಿದ್ದ.”

“ನನಗೆ ಹೇಳೇ ಇರ್ಲಿಲ್ಲ.”

“ಹೇಳಿದ್ರೆ ನೀವು ಟ್ರಿಪ್ಪು ಬ್ಯಾಡ ಅಂತಿದ್ರಿ.”

ನಿಜ. ಅನ್ನುತ್ತಿದ್ದೆ.

ಅವನು ಇನ್ನೆರಡು ಚೂರು ಜೋಡಿಸಿ ನೋಡಿದ. “ಎಲ್ಲಾ ಅಂಟಿಸಿದ್ರೆ ಸೀಟು ಮೊದಲಿನಷ್ಟೇ ಎತ್ತರ ಆಗ್ತೈತೆ. ನಿಮ್ಮ ಕಾಲು ಮತ್ತೆ ಮುಟ್ಟಲ್ಲ.”

“ಮುಟ್ಟಲ್ಲ.”

“ಮತ್ತೆ ಓಡ್ಸೋದು ಹೆಂಗೆ?”

“ಗೊತ್ತಿಲ್ಲಪ್ಪ.”

ಮಾರುವ ಮಾತು ಅವನು ಎತ್ತಲಿಲ್ಲ. “ಗಮ್ಮಿನ ಡಬ್ಬಿ ಈ ಕಡೆ ಕೊಡ್ರಿ” ಎಂದ.

ಸದ್ಯದ ವರದಿ: ಸ್ಪ್ರಿಂಗು ಸಡಿಲವಿದೆ. ಸ್ಟ್ಯಾಂಡಿಗೆ ಪಾದವಿಲ್ಲ. ಹನ್ನೆರಡು ದಿನಗಳ ಪ್ರಯಾಣವನ್ನು ಮುಂದಿನ ಆದೇಶದವರೆಗೆ ಮುಂದೂಡಲಾಗಿದೆ. ಆದೇಶ ಹೊರಡಿಸಬೇಕಾದವಳೂ ನಾನೇ. ಊರಿನವರ ಬ್ಲೌಸುಗಳನ್ನೆಲ್ಲ ಆಲ್ಟರ್ ಮಾಡಿದವಳು ಈಗ ನನ್ನದೇ ಆಲ್ಟರೇಷನ್ ಬಿಚ್ಚುತ್ತ ಕೂತಿದ್ದೇನೆ. ಶಮೀಮಳ ಹೊಸ ದಿಂಬನ್ನೂ ಬಿಚ್ಚಿಸಿ ನೋಡಿದ್ದಾಯಿತು. ಹತ್ತೊಂಬತ್ತು ಚೂರು ಸಿಕ್ಕಿವೆ, ಅಂಟಿಸಿದ್ದೇವೆ.

ಬಲಗಡೆ, ತೊಡೆ ತಾಗುವ ಜಾಗದ ಒಂದು ಚೂರು ಇನ್ನೂ ಸಿಕ್ಕಿಲ್ಲ.