ಶಾಲೆಯ ಆಫೀಸಿಗೆ ಲಿನಕ್ಸ್ ತಂದ ಮಾಷ್ಟ್ರು

ನಮ್ಮ ವಿಜ್ಞಾನ ಮಾಷ್ಟ್ರು ಮನುಷ್ಯರಿಗಿಂತ ಕಂಪ್ಯೂಟರುಗಳಿಗೆ ಹೆಚ್ಚು ಮರ್ಯಾದೆ ಕೊಡುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ಏಳನೇ ಕ್ಲಾಸಿನ ಮಕ್ಕಳನ್ನು ‘ಏಯ್’ ಎಂದೇ ಕರೆಯುವ ಈ ಮಹಾನುಭಾವರು ಆಫೀಸಿನ ಹಳೆಯ ಕಂಪ್ಯೂಟರಿನ ಮುಂದೆ ಕೂತರೆ, “ಏಳಿ ಮಾರಾಯ್ರೆ, ಗಂಟೆ ಹತ್ತಾಯ್ತು” ಎನ್ನುತ್ತಾರೆ!

ಸುಳ್ಯದ ಹತ್ತಿರದ ಆ ಶಾಲೆಯಲ್ಲಿ ನಾನು ಕ್ಲಾರ್ಕ್. ಆಫೀಸಿನ ನಾಲ್ಕು ಕಂಪ್ಯೂಟರುಗಳಿಗೂ ಹೊಸ ವಿಂಡೋಸ್ ಹೊರುವ ತ್ರಾಣವಿಲ್ಲವೆಂದು, ನಾಲ್ಕನ್ನೂ ಗುಜರಿಗೆ ಹಾಕಲು ಹೆಡ್‌ಮಿಸ್ ತೀರ್ಮಾನಿಸಿದ್ದರು. ಸುದ್ದಿ ಕೇಳಿದ ಮಾಷ್ಟ್ರು ಪೆನ್‌ಡ್ರೈವನ್ನು ತಾಯಿತದಂತೆ ಕುತ್ತಿಗೆಗೆ ಕಟ್ಟಿಕೊಂಡು ಓಡಿಬಂದರು.

“ಇವರಿಗೆ ಎಂತ ಆಗಿದೆ ಮೇಡಂ? ವಿಂಡೋಸ್ ತೆಗೆದು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ರೆ ಇನ್ನೂ ಹತ್ತು ವರ್ಷ ಗಟ್ಟಿಮುಟ್ಟು!”

ಒಂದೇ ಶನಿವಾರದಲ್ಲಿ ನಾಲ್ಕಕ್ಕೂ ಲಿನಕ್ಸ್ ಬಂತು. ಸೋಮವಾರ ಹೆಡ್‌ಮಿಸ್ ತಮ್ಮ ಹಳೆಯ ಕನ್ನಡ ಸುತ್ತೋಲೆ ತೆರೆದರೆ ಪರದೆ ತುಂಬ ಕೊಂಬು, ಬಾಲ, ಬೊಟ್ಟುಗಳ ಇಂಗ್ಲಿಷ್ ಅಕ್ಷರ!

“ಇದು ಯಾವ ಭಾಷೆ ಮಾಷ್ಟ್ರೆ?”

“ಕನ್ನಡವೇ ಮೇಡಂ. ಒಳಗೆ ಎಲ್ಲ ಸರಿ ಉಂಟು. ಹಳೆ ಫಾಂಟ್ ಇಲ್ಲ ಅಲ್ವಾ, ಅಂಗಿ ಹಾಕದೆ ಹೊರಗೆ ಬಂದಿದೆ ಅಷ್ಟೆ.”

ಅಂಗಿ ತೊಡಿಸುವಷ್ಟರಲ್ಲಿ ಪ್ರಿಂಟರ್ ಮುನಿಸಿಕೊಂಡಿತು. ಎರಡು ದಿನ ನಾವೆಲ್ಲ ಸರದಿಯಲ್ಲಿ ಪ್ರಿಂಟ್ ಗುಂಡಿ ಒತ್ತಿದ್ದೇ ಒತ್ತಿದ್ದು. ಮೂರನೆಯ ದಿನ ಮಾಷ್ಟ್ರು ಏನೋ ಸರಿಪಡಿಸಿದರು ನೋಡಿ, ಪೋಷಕರ ಸಭೆಯ ಒಂದೇ ನೋಟೀಸಿನ ನಲವತ್ತಮೂರು ಪ್ರತಿಗಳು ಪಟಪಟನೆ ಹೊರಬಿದ್ದವು! ಮಾಷ್ಟ್ರ ಮುಖ ಅರಳಿತು. “ನೋಡಿದ್ರಾ? ಹೇಳಿದ್ದು ಒಂದನ್ನೂ ಮರೆಯುದಿಲ್ಲ!”

ಇಲ್ಲಿಯವರೆಗೆ ನಾನೂ ಎಲ್ಲರ ಜೊತೆ ನಕ್ಕವಳೇ. ಆದರೆ ಆಮೇಲೆ ನಡೆದದ್ದಕ್ಕೆ ನಗು ಬರುವುದಿಲ್ಲ.

ನಾನು ಟೈಪ್ ಮಾಡಿದ ಒಂದು ವರ್ಗಾವಣೆ ಪತ್ರದಲ್ಲಿ ಪುಷ್ಪ ಎಂಬ ಹುಡುಗಿ ‘ಪುಪ್ಪ’ಳಾದಳು. ಮರುವಾರ ಇನ್ನೆರಡು ತಪ್ಪು. “ಎಲ್ಲ ಈ ಲಿನಕ್ಸಿನ ಅವಾಂತರ” ಎಂದರು ಹೆಡ್‌ಮಿಸ್. ನಾನು ತುಟಿ ಬಿಚ್ಚಲಿಲ್ಲ. ನಿಜವೇನೆಂದರೆ, ಕೆಲವು ತಿಂಗಳಿಂದ ನನಗೆ ಅಕ್ಷರಗಳೇ ಮಂಜಾಗಿ ಕಾಣುತ್ತಿದ್ದವು. ಗಂಡ ತೀರಿಹೋದ ಮೇಲೆ ನನಗಿದ್ದದ್ದು ಈ ಕೆಲಸವೊಂದೇ. ಕಣ್ಣು ಕಾಣದ ಟೈಪಿಸ್ಟನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳಿ?

ಆ ಸಂಜೆ ಮಾಷ್ಟ್ರು ನನ್ನ ಪಕ್ಕ ಕುರ್ಚಿ ಎಳೆದು ಕೂತು, ಪರದೆಯ ಒಂದು ಸಾಲಿಗೆ ಬೆರಳಿಟ್ಟರು. “ಅಕ್ಕ, ಇದೊಂದು ಓದಿ.”

ಓದಲಾಗಲಿಲ್ಲ. ಅತ್ತುಬಿಟ್ಟೆ. ಅವರು ಏನೂ ಕೇಳದೆ ಎದ್ದುಹೋದರು.

ಮರುದಿನ ಬೆಳಿಗ್ಗೆ ನೋಡಿದರೆ ನಾಲ್ಕೂ ಕಂಪ್ಯೂಟರುಗಳಲ್ಲಿ ಅಕ್ಷರಗಳು ಎಣ್ಣೆಗೆ ಬಿದ್ದ ಗೋಳಿಬಜೆಯ ಗಾತ್ರಕ್ಕೆ ಉಬ್ಬಿವೆ!

“ಇದೆಂತ ಮಾಷ್ಟ್ರೆ, ಇಷ್ಟು ದೊಡ್ಡದು?” ಹೆಡ್‌ಮಿಸ್ ಸಿಡುಕಿದರು. “ಸಣ್ಣ ಮಾಡ್ಲಿಕ್ಕೆ ಆಗುದಿಲ್ವಾ?”

“ಇಲ್ಲ ಮೇಡಂ,” ಎಂದರು ಮಾಷ್ಟ್ರು ತಲೆ ತಗ್ಗಿಸಿ. “ಲಿನಕ್ಸಿನಲ್ಲಿ ಅದೊಂದು ದೋಷ ಉಂಟು.”

ಲಿನಕ್ಸಿನ ಬಗ್ಗೆ ಯಾರಾದರೂ ಅರ್ಧ ಮಾತು ಆಡಿದರೂ ಒಂದು ಗಂಟೆ ಜಗಳಕ್ಕೆ ನಿಲ್ಲುವ ಮನುಷ್ಯ! ನನ್ನೊಬ್ಬಳ ಪರದೆ ಬೇರೆಯಾಗಿ ಕಾಣಬಾರದೆಂದು ಅದರ ಮೇಲೆಯೇ ಸುಳ್ಳು ಹೇಳಿ, ಬೈಗುಳ ತಿಂದು ನಿಂತಿದ್ದರು.

ಭಾನುವಾರ ಅವರೂ ಅವರ ಹೆಂಡತಿಯೂ ನನ್ನನ್ನು ಪುತ್ತೂರಿನ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಹಾಗೆಯೇ ಆಯಿತು; ಇದನ್ನು ಈಗ ನಾನೇ ಟೈಪ್ ಮಾಡುತ್ತಿದ್ದೇನೆ. ಆಪರೇಷನ್ನಿನ ದಿನ ಒಪ್ಪಿಗೆ ಪತ್ರ ತುಂಬಿಸಿದ್ದು ಮಾಷ್ಟ್ರು. ಏನು ಬರೆದರೋ ನನಗೆ ಓದಲಾಗಲಿಲ್ಲ. ನರ್ಸ್ ಕಾಗದ ನೋಡಿ ಕೇಳಿದಳು:

“ಇವರು ನಿಮ್ಮ ತಮ್ಮನಾ ಅಮ್ಮ?”

ಒಡಹುಟ್ಟಿದವರಿಲ್ಲದೆ ಬೆಳೆದವಳು ನಾನು.

“ಹೌದು,” ಎಂದೆ. “ಒಬ್ಬನೇ ತಮ್ಮ.”