ಪಿ.ಟಿ. ಮಾಸ್ತರರ ಅಪ್‌ಡೇಟು ಮತ್ತು ತಾಳಿಕೋಟೆಯ ಬೀಗರು

ಮಾಸ್ತರಿಕೆ ಮಾಡುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಅದೇ ಊಟದ ಡಬ್ಬಿ ಹಿಡಿದುಕೊಂಡು ಮುಂಜಾನೆಯ ಬಸ್ಸಿಗೆ ಬಂದು ಇಳಿಯುತ್ತದೆ. ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಹೋದ ವರ್ಷ ನಮ್ಮನ್ನು ನಗಿಸಿದ್ದು ಪಿ.ಟಿ. ಮಾಸ್ತರರ ಫೋನು.

ಮಾಸ್ತರರು ಇಂಡಿ ಕಡೆಯವರು. ಮೈ ಗಟ್ಟಿ, ಮನಸ್ಸು ಬೆಣ್ಣೆ. ಲಗ್ನ ಮಾತ್ರ ಕೂಡಿಬರುತ್ತಿರಲಿಲ್ಲ. ಕಡೆಗೆ ತಾಳಿಕೋಟೆಯ ಒಬ್ಬ ಕಾಳುಕಡಿಯ ಅಡತಿ ವ್ಯಾಪಾರಿಯ ಮಗಳನ್ನು ನೋಡಿ ಬಂದರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದರು. ಆವತ್ತು ಹುಡುಗಿಯ ಅಪ್ಪ ವ್ಯಾಪಾರಕ್ಕೆಂದು ಸೊಲ್ಲಾಪುರಕ್ಕೆ ಹೋಗಿದ್ದರಿಂದ ಅವರ ಒಪ್ಪಿಗೆಯೊಂದು ಬಾಕಿ ಉಳಿಯಿತು. "ಇದೊಂದು ತಪ್ಪಿತಂದ್ರ ನಾ ಮತ್ತ ಕನ್ಯಾ ನೋಡಾಕ ಹೋಗೂದಿಲ್ರಿ ಸರ್" ಎಂದು ಮಾಸ್ತರರು ನನ್ನ ಮುಂದೆ ಕಣ್ಣು ತುಂಬಿಕೊಂಡರು. ನನಗೂ ಅಯ್ಯೋ ಅನ್ನಿಸಿತು.

ಅರೆಬೆಂದ ಅಡುಗೆ

ಒಪ್ಪಿಗೆಗೆ ಕಾಯುತ್ತ ಸುಮ್ಮನೆ ಕೂಡಬೇಕಿತ್ತು. ಕೂಡಲಿಲ್ಲ. ಬೀಗರ ಮನೆಯವರಿಗೆ ತಾವು ಮುಂದುವರಿದವರು ಅಂತ ಕಾಣಬೇಕಲ್ಲ, ಅದಕ್ಕೆ ಫೋನಿಗೆ ಪ್ರಿವ್ಯೂ ಅಪ್‌ಡೇಟು ಹಾಕಿಕೊಂಡರು. ಪ್ರಿವ್ಯೂ ಅಂದರೆ ಏನೆಂದು ನನಗೆ ಆಮೇಲೆ ತಿಳಿಯಿತು. ಕಂಪನಿಯವರು ತಮ್ಮ ಅಡುಗೆ ಬೇಯುವ ಮೊದಲೇ ನಾಲ್ಕು ಜನಕ್ಕೆ ಬಡಿಸಿ, ಹೊಟ್ಟೆ ಕೆಟ್ಟರೆ ತಿಳಿಸಿ ಅನ್ನುತ್ತಾರೆ. ಹಾಗೆ ತಿನ್ನುವವರೆಲ್ಲ ಸ್ವಂತ ಇಚ್ಛೆಯಿಂದ ಸಾಲಿನಲ್ಲಿ ನಿಂತವರೇ.

"ಇಡೀ ಜಿಲ್ಲಾದಾಗ ನನಗ ಮೊದಲ ಬಂದೈತ್ರಿ" ಎಂದು ಮಾಸ್ತರರು ಎದೆಯುಬ್ಬಿಸಿದರು. ಸಂಜೆಯೊಳಗೆ ಆ ಫೋನು ಕಾದ ರೊಟ್ಟಿ ಹಂಚಾಯಿತು. ಜೇಬಿನಲ್ಲಿ ಇಟ್ಟುಕೊಳ್ಳಲಾಗದೆ, ಒದ್ದೆ ಕರವಸ್ತ್ರ ಸುತ್ತಿ, ಹೆಡ್‌ಮಾಸ್ತರರ ಕೋಣೆಯ ನೀರಿನ ಗಡಿಗೆಯ ಮುಚ್ಚಳದ ಮೇಲೆ ತಣ್ಣಗಾಗಲು ಇಟ್ಟರು.

ಹೆಡ್‌ಮಾಸ್ತರರು ನೀರು ಕುಡಿಯಲು ಬಗ್ಗಿದ್ದೂ ಫೋನು ಗುರ್ರೆಂದದ್ದೂ ಒಂದೇ ಹೊತ್ತಿಗೆ. ತಂಬಿಗೆ ಕೈಬಿಟ್ಟು ಹೊರಗೆ ಬಂದವರು ಯಾರನ್ನೂ ಬೈಯಲಿಲ್ಲ. ನಾಳೆಯಿಂದ ತಾವು ಮನೆಯಿಂದಲೇ ನೀರು ತರುವುದಾಗಿ, ಈ ಗಡಿಗೆಯ ಸ್ವಭಾವ ಸರಿಯಿಲ್ಲವೆಂದು ಹೇಳಿ ಬೆವರು ಒರೆಸಿಕೊಂಡರು.

ತಲೆಕೆಳಗಾದ ವರ

ಆ ವಾರವೇ ತಾಳಿಕೋಟೆಯಿಂದ ಹೇಳಿಕಳಿಸಿದರು: ಹುಡುಗನ ಒಂದು ಫೋಟೊ ಬೇಕು, ನಿಂತಿದ್ದು. ನಾನೇ ಮೈದಾನದಲ್ಲಿ ನಿಲ್ಲಿಸಿ ಅವರ ಫೋನಿನಲ್ಲೇ ತೆಗೆದೆ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಸೀಟಿ, ಹಿಂದೆ ಗೋಲ್ ಕಂಬ. ಮಾಸ್ತರರು ನೋಡದೆ ಕಳಿಸಿಬಿಟ್ಟರು.

ಹೊಸ ಅಪ್‌ಡೇಟಿನ ಕೃಪೆಯಿಂದ ಫೋಟೊ ತಲೆಕೆಳಗಾಗಿ ಹೋಗಿತ್ತು. ಫೋನು ತಿರುಗಿಸಿ ನೋಡಬಹುದಿತ್ತಲ್ಲ ಅನ್ನಬೇಡಿ. ಫೋನು ತಿರುಗಿಸಿದರೆ ಚಿತ್ರವೂ ತಿರುಗಿಕೊಂಡು ಮತ್ತೆ ಕಾಲು ಮೇಲೆ ಮಾಡಿ ನಿಲ್ಲುತ್ತಿತ್ತು. ಆ ಮನೆಯ ಹಿರಿಯರೆಲ್ಲ ಫೋನನ್ನು ನೆಲದ ಮೇಲಿಟ್ಟು, ಸುತ್ತ ಪ್ರದಕ್ಷಿಣೆ ಹಾಕಿ ವರನನ್ನು ನೋಡಿದರಂತೆ.

ಸಂಬಂಧ ತಂದ ಹಿರಿಯರು ಮರುದಿನ ನಮ್ಮ ಸಾಲೆಗೇ ಬಂದರು. ಹುಡುಗಿಯ ಅಜ್ಜಿ ಕೇಳಿದ ಒಂದು ಪ್ರಶ್ನೆಯನ್ನು ಹೊತ್ತು ತಂದಿದ್ದರು. "ಕಸರತ್ತಿನ ಮಾಸ್ತರ ಅಂತ ಗೊತ್ತೈತಿ. ಆದ್ರ ಉಣ್ಣೂ ಮುಂದರ ಕಾಲ ಮ್ಯಾಲ ನಿಂದರ್ತಾನೇನ್ರಿ?"

ಕಂಪನಿಯ ಉತ್ತರ

ಮಾಸ್ತರರು ಕಂಪನಿಗೆ ದೂರು ಬರೆದರು. ಬರೆದದ್ದು ನಾನು, ಒತ್ತಿದ್ದು ಅವರು. ಫೋನು ಕಾಯುತ್ತದೆ, ಚಿತ್ರ ತಿರುಗುತ್ತದೆ, ಅಲಾರಾಂ ಮುಂಜಾನೆ ತಾನು ಬಡಿದುಕೊಳ್ಳದೆ, ನನ್ನನ್ನೇಕೆ ಎಬ್ಬಿಸಿದಿರಿ ಎಂಬಂತೆ ನಮ್ಮನ್ನೇ ನೋಡುತ್ತದೆ ಎಂದು ನಯವಾಗಿ ವಿವರಿಸಿದ್ದೆ. ಉತ್ತರ ಬೇಗನೆ ಬಂತು. ನಮ್ಮ ಅಭಿಪ್ರಾಯಕ್ಕೆ ಅವರು ಆಭಾರಿಗಳಂತೆ. ನಾವು ಹೇಳಿದ್ದೆಲ್ಲ ಪ್ರಿವ್ಯೂದಲ್ಲಿ ನಿರೀಕ್ಷಿತ ವರ್ತನೆಯಂತೆ.

ನನಗೆ ಸಿಟ್ಟು ಬಂತು. ಆದರೆ ಹೆಡ್‌ಮಾಸ್ತರರು ಆ ಸಾಲನ್ನು ಎರಡು ಸಲ ಓದಿಸಿ ಕೇಳಿ ಬಾಯಿಪಾಠ ಮಾಡಿಕೊಂಡರು. ಮರುವಾರ ಒಬ್ಬ ತಂದೆ ಬಂದು, ತನ್ನ ಮಗನಿಗೆ ಗಣಿತದಲ್ಲಿ ಏನೂ ಬರುವುದಿಲ್ಲವೆಂದು ಕೂಗಾಡಿದ. ಹೆಡ್‌ಮಾಸ್ತರರು ಕನ್ನಡಕ ಸರಿಪಡಿಸಿಕೊಂಡು, "ನಿಮ್ಮ ಅಭಿಪ್ರಾಯಕ್ಕ ಆಭಾರಿ ಅದೇವ್ರಿ. ಇದು ನಿರೀಕ್ಷಿತ ವರ್ತನೆ" ಎಂದರು. ಆತ ಕೈಮುಗಿದು ಹೋದ.

ಹಳೆಯದಕ್ಕೆ ಹಿಂದಿರುಗಿ ಎಂದು ನಾನು ಮಾಸ್ತರರಿಗೆ ಹೇಳಿದೆ. ಹಿಂದಿರುಗಿದರೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಹುಡುಗಿಯ ಫೋಟೊ ಅದರಲ್ಲೇ ಇದೆ ಎಂದರು. ಹಾಗಾದರೆ ಅದನ್ನು ನನ್ನ ಫೋನಿಗೆ ಕಳಿಸಿಡಿ ಎಂದೆ.

"ನಿಮ್ಮ ಫೋನಿಗೆ ಹುಡುಗಿ ಫೋಟೊ ಕಳಿಸಿ, ನಮ್ಮ ಅಕ್ಕಾರು ನೋಡಿದ್ರ ನಿಮ್ಮನ್ಯಾಂವ ರಿಪೇರಿ ಮಾಡ್ತಾನ್ರಿ?" ಎಂದರು. ನನ್ನ ಹೆಂಡತಿಯನ್ನು ಅವರು ಚೆನ್ನಾಗಿ ಬಲ್ಲರು.

ಫೋನು ಎತ್ತುವ ಹುಡುಗಿ

ಒಂದು ಸೋಮವಾರ ಮಾಸ್ತರರು ಮುಖ ಬಿಳಿಚಿಕೊಂಡು ಬಂದರು. ಅಪ್‌ಡೇಟಿನಲ್ಲಿ ಇನ್ನೊಂದು ಸೌಲಭ್ಯ ತಾನಾಗಿಯೇ ಚಾಲೂ ಆಗಿತ್ತು. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಫೋನು ಇವರಿಗೆ ಸುದ್ದಿಯನ್ನೇ ಕೊಡದೆ, ಹೆಣ್ಣು ದನಿಯಲ್ಲಿ ತಾನೇ ಮಾತಾಡಿ ಇಡುತ್ತಿತ್ತು. "ನಮಸ್ಕಾರ. ತಾವು ಯಾರೆಂದು ದಯವಿಟ್ಟು ತಿಳಿಸುವಿರಾ? ತಮ್ಮ ಕರೆಯ ಉದ್ದೇಶವೇನು?" ಕನ್ನಡದ ಸಂಬಳ ತಿನ್ನುವ ನನ್ನ ಬಾಯಲ್ಲೂ ಅಂಥ ಕನ್ನಡ ಬರುವುದಿಲ್ಲ.

ತಾಳಿಕೋಟೆಯ ಬೀಗರು, ಅಂದರೆ ಹುಡುಗಿಯ ಅಪ್ಪ, ತಮ್ಮ ಅಡತಿ ಅಂಗಡಿಯ ಫೋನಿನಿಂದ ಕರೆ ಮಾಡಿದ್ದರೆಂದು ಸಂಬಂಧ ತಂದ ಹಿರಿಯರಿಂದ ತಿಳಿದಿತ್ತು. ಆ ನಂಬರು ಮಾಸ್ತರರಲ್ಲಿ ಇರಲಿಲ್ಲ. ಫೋನು ತೆಗೆದು ನೋಡಿದರೆ ವಾರವಿಡೀ ಅದೇ ನಂಬರಿನಿಂದ ಕರೆಯ ಮೇಲೆ ಕರೆ. ಎಲ್ಲವನ್ನೂ ಆ ಹೆಣ್ಣು ದನಿಯೇ ವಿಚಾರಿಸಿಕೊಂಡಿತ್ತು.

"ಮುಗೀತ್ರಿ ಸರ್. ಕನ್ಯಾ ಕೊಡೋ ಮಂದಿಗೆ ನೀವ್ಯಾರು ಅಂತ ಕೇಳೇತ್ರಿ ಇದು" ಎಂದು ತಲೆಮೇಲೆ ಕೈಹೊತ್ತು ಕೂತರು. ಫೋನಿನಲ್ಲಿ ಕ್ಷಮೆ ಕೇಳಿದರೆ ಮತ್ತೇನಾದೀತೋ ಎಂದು ನಾನು ಅವರನ್ನು ಎಬ್ಬಿಸಿಕೊಂಡು ಮುದ್ದೇಬಿಹಾಳದ ಬಸ್ಸು ಹತ್ತಿಸಿ ನಾನೂ ಹತ್ತಿದೆ. ಅಲ್ಲಿಂದ ತಾಳಿಕೋಟೆ. 

ಬೀಗರು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ತಕ್ಕಡಿ ಹಿಡಿದು ಮಗ, ಅಂದರೆ ಹುಡುಗಿಯ ಅಣ್ಣ. ಮದುವೆಯ ವಯಸ್ಸು ಮೀರುತ್ತಿದ್ದ, ಮಾತು ಕಡಿಮೆಯ ಗಂಡು. ಚುರುಮುರಿ, ಮಿರ್ಚಿ ಭಜಿ, ಚಹಾ ಬಂತು. 

ಬೀಗರು ಬಾಯಿ ತೆರೆದರು. ಮಗಳು ಒಪ್ಪಿದ್ದಾಳೆ, ತಮ್ಮದೂ ಒಪ್ಪಿಗೆಯೇ. ಆದರೆ ಒಂದು ಷರತ್ತು, ಸಂಬಂಧ ಕೊಟ್ಟು ತರುವುದಾಗಬೇಕು ಎಂದರು. ನಮ್ಮ ಕಡೆ ಇದು ಹೊಸದಲ್ಲ; ಒಂದು ಮನೆಗೆ ಮಗಳನ್ನು ಕೊಟ್ಟು, ಆ ಮನೆಯ ಮಗಳನ್ನು ಸೊಸೆಯಾಗಿ ತರುತ್ತಾರೆ. ಆದರೆ ಮಾಸ್ತರರು ಒಬ್ಬನೇ ಮಗ. ಕೊಡಲು ಅವರ ಮನೆಯಲ್ಲಿ ಹೆಣ್ಣೇ ಇಲ್ಲ.

"ಫೋನ್ ಎತ್ತೂ ನಿಮ್ಮ ತಂಗಿನ್ನ ನಮ್ಮ ಹುಡುಗಗ ಕೊಡ್ರಿ" ಎಂದರು ಬೀಗರು. "ನಾ ಎರಡ ಸಲ ಫೋನ್ ಹಚ್ಚಿ ಬಾಯಿಗೆ ಬಂದಂಗ ಬೈದೆ. ಒಂದ ಎದುರು ಮಾತಿಲ್ಲ. ಧನ್ಯವಾದ ಅಂದ್ಳು. ಅಂಥಾ ಸೊಸಿ ಈ ಕಾಲದಾಗ ಎಲ್ಲಿ ಸಿಗ್ತಾಳ್ರಿ?"

ಅವರು ಮಾಡಿದ್ದು ಎರಡೇ ಕರೆ. ಹಾಗಾದರೆ ಉಳಿದವು ಯಾರವು ಎಂದು ನಾನು ಸುತ್ತ ನೋಡಿದೆ. ಮಗ ತಕ್ಕಡಿಯಲ್ಲಿ ಏನೂ ಇಲ್ಲದಿದ್ದರೂ ಮುಳ್ಳನ್ನು ಬಹಳ ಗಮನವಿಟ್ಟು ನೋಡುತ್ತಿದ್ದ.

ಹೂಂ ಅಂದರೆ ಸುಳ್ಳು, ಇಲ್ಲ ಅಂದರೆ ಹುಡುಗಿ ಕೈತಪ್ಪುತ್ತಾಳೆ.  ಕಡೆಗೆ ಮಾಸ್ತರರು ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟರು.

"ಅಕಿ ನನ್ನ ತಂಗಿ ಅಲ್ರಿ ಮಾವಾರ. ಅಕಿ ಮನುಷ್ಯಾಳ ಅಲ್ರಿ. ಫೋನಿನ ಅಪ್‌ಡೇಟ್ರಿ. ಅದೂ ಇನ್ನೂ ಪಕ್ಕಾ ಆಗಿಲ್ರಿ, ಬರೇ ಪ್ರಿವ್ಯೂ ಐತಿ."

 ಅಂಗಡಿಯ ಹಿಂದಿನ ಮನೆಯಿಂದ ಹುಡುಗಿ ನಕ್ಕದ್ದು ಕೇಳಿತು. ತಡೆಯಲಾರದೆ ಬೀಗರೂ ನಕ್ಕರು. ಹೆಣ್ಣು ಕೈತಪ್ಪುವಂತಿದ್ದರೂ ಹುಡುಗ ಸುಳ್ಳಾಡಲಿಲ್ಲ, ಇಷ್ಟು ಸಾಕು ಎಂದು ಷರತ್ತು ಬಿಟ್ಟು, ಸಕ್ಕರೆ ತರಿಸಿ ಮಾಸ್ತರರ ಬಾಯಿಗೆ ಹಾಕಿದರು. ನನಗೂ ಖುಷಿಗೆ ಕಣ್ಣು ಮಂಜಾದವು.

ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹುಡುಗಿಯ ಅಣ್ಣ ಬಂದ.  ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು, ಅತ್ತಿತ್ತ ನೋಡಿ, ನಾಚಿಕೊಂಡು ಮೆಲ್ಲಗೆ ಮಾಸ್ತರರನ್ನು ಕೇಳಿದ:

"ಅಕಿ ಪಕ್ಕಾ ಯಾವಾಗ ಆಗ್ತಾಳ್ರಿ? ನಾ ಕಾಯ್ತೇನಿ."