ಸಾಸೇಜ್ ನೋಡದ ಷಡ್ಡಕರು

ಇಡೀ ಆಸ್ಟ್ರೇಲಿಯಾದಲ್ಲಿ ಸತ್ಯನಾರಾಯಣ ಕಥೆಯನ್ನು ನಾಲ್ಕನೇ ಅಧ್ಯಾಯದಲ್ಲಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಓದಿಸಿದ ಒಬ್ಬನೇ ಗಂಡಸು ಇದ್ದರೆ ಅದು ನನ್ನ ಷಡ್ಡಕರು. ಬೇಕಾದರೆ ಮೆಲ್ಬರ್ನಿನ ವೆರಿಬೀಯಲ್ಲಿ ಯಾರನ್ನಾದರೂ ಕೇಳಿ. ಆವತ್ತು ಹಸಿದಿದ್ದವರು ಇನ್ನೂ ಮರೆತಿಲ್ಲ!

ಪರಿಚಯದ ಹುಡುಗನೊಬ್ಬನ ಹೊಸ ಮನೆಯ ಗೃಹಪ್ರವೇಶ. ಮಾರ್ಟ್‌ಗೇಜ್ ಸಾಲದ ಭಾರವನ್ನು ದೇವರ ಮೇಲೆ ಹಾಕಿ ಗಂಡ ಹೆಂಡತಿ ಪೂಜೆಗೆ ಕೂತಿದ್ದರು. ಅಡುಗೆಮನೆಯಿಂದ ಬಿಸಿಬೇಳೆಬಾತಿನ ಘಮ ಬರುತ್ತಿತ್ತು. ನಮ್ಮ ಷಡ್ಡಕರು ಇದ್ದಕ್ಕಿದ್ದಂತೆ ಕೈ ಎತ್ತಿದರು.

"ಸ್ವಾಮಿ, ಕಲಶದ ತೆಂಗಿನಕಾಯಿ ಜುಟ್ಟು ಆಗ ಕಿಟಕಿ ಕಡೆ ಇತ್ತು. ಈಗ ಟೀವಿ ಕಡೆ ತಿರುಗಿದೆ."

ಪುರೋಹಿತರು ಕನ್ನಡಕದ ಮೇಲಿಂದ ನೋಡಿದರು. "ಹೂ ಏರಿಸುವಾಗ ನಾನೇ ಸ್ವಲ್ಪ ಸರಿಸಿದೆ. ಏನೀಗ?"

"ಯಾವಾಗ ಸರಿಸಿದಿರಿ ಅಂತ ಗೊತ್ತಾ?"

"ಅದು ಹೇಗ್ರೀ ಗೊತ್ತಾಗುತ್ತೆ?"

"ಹಾಗಾದರೆ ಮೊದಲಿನಿಂದ ಓದಿ. ಯಾವ ಭಾಗ ಸರಿಯಾಗಿದೆ, ಯಾವುದು ಇಲ್ಲ ಅಂತ ಹೇಳೋಕಾಗಲ್ಲ."

ಪುರೋಹಿತರು ಪಾಪ, ಭಯಸ್ಥರು. ದೋಷಗೀಷ ಬಂದರೆ ಅಂತ ಓದಿಯೇಬಿಟ್ಟರು! ಆಮೇಲೆ ಆ ಮನೆಯಿಂದ ನಮ್ಮವರಿಗೆ ಕರೆ ಬಂದಾಗಲೆಲ್ಲ ಒಂದು ಮಾತು ಸೇರಿರುತ್ತಿತ್ತಂತೆ: "ಅಂಕಲ್, ನೀವು ನೇರ ಊಟಕ್ಕೇ ಬನ್ನಿ."

ಷಡ್ಡಕರು ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನನಗಿಂತ ದೊಡ್ಡವರು, ಅದಕ್ಕೆ ಹೆಂಡತಿಯ ಜೊತೆ ನಾನೂ ಭಾವ ಅಂತಲೇ ಕರೆಯುತ್ತೇನೆ. ಅವರೂ ಅಕ್ಕನೂ ಇರುವುದು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮಂಡ್ಯದಲ್ಲಿ ಬಟ್ಟೆ ಅಂಗಡಿ ನಡೆಸಿದವನು. ಈಗ ಸಿಡ್ನಿಯಲ್ಲಿ ಮಗಳ ಮನೆಯಲ್ಲಿ ಬಿಸಿಲು ಕಾಯಿಸುತ್ತಿದ್ದೇನೆ. ಅಂಗಡಿಯಲ್ಲಿ ಕಲಿತ ಮಾತು ಒಂದು ಬಿಟ್ಟರೆ ನನ್ನ ಬಳಿ ಬೇರೆ ವಿದ್ಯೆಯಿಲ್ಲ. ಆ ಮಾತಿನಿಂದಲೇ ಮಾಡಿಕೊಂಡ ಒಂದು ತಪ್ಪನ್ನು ಹೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಆದರೆ ಮೊದಲು ಭಾವನನ್ನು ನೋಡಿ ಚೆನ್ನಾಗಿ ನಕ್ಕುಬಿಡಿ. ನಾನೂ ಹಾಗೇ ಮಾಡಿದ್ದು.

ಭಾವ ಹುಡುಗನಾಗಿದ್ದಾಗ ಇಂಜಿನಿಯರಿಂಗ್ ಓದಲು ಲಂಡನ್ನಿಗೆ ಹೋಗಿ, ರಜೆಯಲ್ಲಿ ಒಂದು ಸಿನಿಮಾದವರ ಜೊತೆ ಕೆಲಸಕ್ಕೆ ಸೇರಿದ್ದರು. ಬ್ಯಾಂಕ್ ದರೋಡೆ, ಕೊಲೆ, ಮಳೆಕೋಟು ಹಾಕಿದ ಪತ್ತೇದಾರ ಎಲ್ಲ ಇರುವ ಬ್ರಿಟಿಷ್ ಕ್ರೈಮ್ ಸಿನಿಮಾ. ಇವರ ಕೆಲಸದ ಹೆಸರು ಕಂಟಿನ್ಯೂಟಿ. ಸಿನಿಮಾವನ್ನು ತುಂಡು ತುಂಡಾಗಿ ತೆಗೆಯುತ್ತಾರಲ್ಲ? ಕೊಲೆಗಾರ ಇವತ್ತು ಮಳೆಯಲ್ಲಿ ನೆನೆದು ಬಾಗಿಲು ತಟ್ಟುತ್ತಾನೆ, ಒಳಗೆ ಕಾಲಿಡುವುದನ್ನು ಹದಿನೈದು ದಿನ ಬಿಟ್ಟು ತೆಗೆಯುತ್ತಾರೆ. ಆಗಲೂ ತಲೆ ಅಷ್ಟೇ ಒದ್ದೆಯಾಗಿರಬೇಕು, ಟೈ ಅಷ್ಟೇ ಸಡಿಲವಾಗಿರಬೇಕು. ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವಳು ಒಬ್ಬ ಇಂಗ್ಲಿಷ್ ಮೇಡಂ. ಭಾವ ಅವಳ ಸಹಾಯಕ.

ಭಾವನ ಬಾಯಲ್ಲಿ ಆ ಸಿನಿಮಾದ ಕಥೆ ಕೇಳಿದವರು ಯಾರೂ ಇಲ್ಲ. ಅದನ್ನು ತೆಗೆದವರ ಕಥೆ ಕೇಳದವರೂ ಯಾರೂ ಇಲ್ಲ! ಪರದೆಯ ಮೇಲೆ ಸಾಲಾಗಿ ಜನರನ್ನು ಕೊಲ್ಲುವ ನಟನಿಗೆ ನಿಜದಲ್ಲಿ ರಕ್ತ ಕಂಡರೆ ತಲೆ ಸುತ್ತುತ್ತಿತ್ತಂತೆ. ಸಕ್ಕರೆ ಪಾಕಕ್ಕೆ ಬಣ್ಣ ಹಾಕಿ ರಕ್ತ ಮಾಡಿದರೆ ಹೆಣದ ಸುತ್ತ ಜೇನುನೊಣ ಮುತ್ತಿ, ಹೆಣ ಎದ್ದು ಓಡಿಹೋಯಿತಂತೆ. ಡೈರೆಕ್ಟರು ಗಿಡ್ಡ ಮನುಷ್ಯ, ಬಾಯಲ್ಲಿ ಯಾವಾಗಲೂ ಪೆಪ್ಪರ್‌ಮಿಂಟು. ಶಾಟ್ ಮುಗಿದರೆ ಅವನು ನೋಡುತ್ತಿದ್ದುದು ಕ್ಯಾಮೆರಾದವನನ್ನಲ್ಲ, ಮೇಡಂ ಮುಖವನ್ನು. ಮೇಡಂ ತಲೆ ಆಡಿಸಿದರೆ ಮಾತ್ರ ಪೆಪ್ಪರ್‌ಮಿಂಟನ್ನು ಕಟಮ್ ಅಂತ ಕಡಿಯುತ್ತಿದ್ದನಂತೆ. ಇನ್ನು ದರೋಡೆಕೋರರ ನಾಯಕನಿಗೆ ಡ್ರೈವಿಂಗೇ ಬರುತ್ತಿರಲಿಲ್ಲ. ಬ್ಯಾಂಕಿನಿಂದ ತಪ್ಪಿಸಿಕೊಂಡು ಕಾರು ರೊಯ್ಯನೆ ಹೊರಡುವುದಿದೆಯಲ್ಲ, ಹಿಂದಿನಿಂದ ತಳ್ಳಿದ್ದು ಯೂನಿಟ್ಟಿನ ಹುಡುಗರು.

"ಆ ಕಾರು ಓಡಿಸಿದ್ದು ನಾನು, ಹಿಂದಿನಿಂದ!" ಅಂತ ಭಾವ ಇವತ್ತಿಗೂ ಎದೆಯುಬ್ಬಿಸುತ್ತಾರೆ.

ಒಂದೇ ಒಂದು ವಿಷಯಕ್ಕೆ ಬಂದಾಗ ಮಾತ್ರ ಆ ಎದೆ ಕುಗ್ಗುತ್ತದೆ. ಅದು ಸಾಸೇಜ್.

ದರೋಡೆಯ ಬೆಳಿಗ್ಗೆ ಆ ರೌಡಿ ನಾಯಕ ಹೋಟೆಲಿನಲ್ಲಿ ಕೂತು ತಿಂಡಿ ತಿನ್ನುತ್ತಾನೆ. ದಿನವಿಡೀ ಶೂಟಿಂಗ್. ಮೇಡಂ ಅಂದಳು, "ತಟ್ಟೆ ನಿನ್ನ ಜವಾಬ್ದಾರಿ." ತಟ್ಟೆಯಲ್ಲೇನು? ಹಂದಿಮಾಂಸದ ಸಾಸೇಜ್! ನಮ್ಮ ಭಾವ ಎಂಥ ಮನೆಯವರು? ಈರುಳ್ಳಿ ತಿಂದರೂ ಅಜ್ಜಿ ಮೂಸಿ ನೋಡುತ್ತಿದ್ದ ಮನೆ. ಅವರು ಚಹಾದ ಕಪ್ಪು ನೋಡಿದರು, ಚಮಚ ನೋಡಿದರು, ಪೇಪರಿನ ಮಡಿಕೆ ನೋಡಿದರು. ತಟ್ಟೆ ಒಂದನ್ನು ಬಿಟ್ಟು ಲಂಡನ್ನಿನಲ್ಲಿರುವುದನ್ನೆಲ್ಲ ನೋಡಿದರು. ಪ್ರತಿ ಸಲ ಮೇಡಂ "ಎಷ್ಟು ಉಳಿದಿದೆ?" ಅಂತ ಕೇಳಿದಾಗಲೂ ಬಾಯಿಗೆ ಬಂದ ಸಂಖ್ಯೆ ಹೇಳಿದರು.

ಎಲ್ಲ ಜೋಡಿಸಿ ನೋಡಿದರೆ ರೌಡಿ ತಿಂದಷ್ಟೂ ತಟ್ಟೆ ತುಂಬುತ್ತಿದೆ. ಅಕ್ಷಯಪಾತ್ರೆ! ಡೈರೆಕ್ಟರು ಪೆಪ್ಪರ್‌ಮಿಂಟು ಉಗಿದು ಕೂಗಾಡಿದ. ಮೇಡಂ "ತಪ್ಪು ನನ್ನದು" ಅಂದಳಂತೆ. ಇವರ ಕಡೆ ತಿರುಗಿಯೂ ನೋಡಲಿಲ್ಲವಂತೆ. ಆವತ್ತಿನಿಂದ ಭಾವನ ಕಣ್ಣಿಗೆ ನಿದ್ದೆಯಿಲ್ಲ, ನಮ್ಮ ತೆಂಗಿನಕಾಯಿಗಳಿಗೆ ಬಿಡುವಿಲ್ಲ. ಸಿನಿಮಾ ಬಿಟ್ಟು ಮೆಲ್ಬರ್ನಿಗೆ ಬಂದು, ಕಟ್ಟಡದ ನಕ್ಷೆ ಬರೆಯುವ ಆಫೀಸಿನಲ್ಲಿ ರಿಟೈರ್ ಆದರೂ ಆ ಕಣ್ಣು ಮಾತ್ರ ರಿಟೈರ್ ಆಗಲಿಲ್ಲ.

ಒಮ್ಮೆ ನಮ್ಮ ಕನ್ನಡದವರ ಯುಗಾದಿ ನಾಟಕ. ಎರಡನೇ ದೃಶ್ಯದಲ್ಲಿ ಅಪ್ಪ ಸತ್ತ. ಪರದೆ ಬಿತ್ತು. ಮೂರನೇ ದೃಶ್ಯಕ್ಕೆ ಪರದೆ ಎದ್ದರೆ ಹೆಣದ ಸುತ್ತ ಎಲ್ಲರೂ ಗೋಳಾಡುತ್ತಿದ್ದಾರೆ. ಮುಂದಿನ ಸಾಲಿನಿಂದ ಭಾವ ಎದ್ದು ಕೂಗಿದರು: "ಸಾಯುವಾಗ ಕನ್ನಡಕ ಇರಲಿಲ್ಲ!"

ಹೆಣ ಮೆಲ್ಲಗೆ ಕೈ ಎತ್ತಿ ಕನ್ನಡಕ ತೆಗೆದು, ಜುಬ್ಬಾದ ಜೇಬಿಗೆ ಹಾಕಿಕೊಂಡು ಮತ್ತೆ ಸತ್ತಿತು! ಆ ವರ್ಷ ಅಷ್ಟು ದೊಡ್ಡ ಚಪ್ಪಾಳೆ ಬೇರೆ ಯಾವ ಹೆಣಕ್ಕೂ ಬೀಳಲಿಲ್ಲ.

ಇದನ್ನೆಲ್ಲ ನಾನು ಸಿಡ್ನಿಯಲ್ಲಿ ಮದುವೆ, ಮುಂಜಿ, ಬಾರ್ಬೆಕ್ಯೂ ಅಂತ ಎಲ್ಲಿ ಹೋದರೂ ಅಭಿನಯಿಸಿ ತೋರಿಸುತ್ತಿದ್ದೆ. ಭಾವನ ಹಾಗೆ ಕುತ್ತಿಗೆ ಚಾಚುವುದು, ಕೈ ಎತ್ತುವುದು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಂಕಲ್, ಇನ್ನೊಂದು ಸಲ!" ಅನ್ನುತ್ತಿದ್ದರು. ಮುದುಕನಿಗೆ ಇನ್ನೇನು ಬೇಕು ಹೇಳಿ?

ಹೀಗಿರುವಾಗ ಸಿಡ್ನಿಯ ಒಂದು ಹಳೇ ಥಿಯೇಟರಿನಲ್ಲಿ ಹಳೇ ಬ್ರಿಟಿಷ್ ಕ್ರೈಮ್ ಸಿನಿಮಾಗಳನ್ನು ದೊಡ್ಡ ಪರದೆಯಲ್ಲಿ ತೋರಿಸುವ ಸುದ್ದಿ ಬಂತು. ಪಟ್ಟಿಯಲ್ಲಿ ಭಾವನ ಸಿನಿಮಾ! ಫೋನ್ ಮಾಡಿ ಹೇಳಿದೆ.

"ಭಾವ? ಇದ್ದೀರಾ?"

"ಇದ್ದೀನಿ ಮಾರಾಯ. ನಾನು ಅದನ್ನ ಥಿಯೇಟರಲ್ಲಿ ನೋಡೇ ಇಲ್ಲ. ನಾಚಿಕೆಗೆ ಆವಾಗ ಹೋಗಲಿಲ್ಲ. ಜನ ಆ ಸೀನಿಗೆ ನಗ್ತಾರಾ ಅಂತ ಸಾಯೋದ್ರೊಳಗೆ ಒಂದು ಸಲ ನೋಡ್ಬೇಕು. ನಿಮ್ಮಕ್ಕನ್ನೂ ಕರ್ಕೊಂಡು ಬರ್ತೀನಿ" ಅಂದರು.

ಎರಡೇ ದಿನದ ಪ್ರಯಾಣಕ್ಕೆ ಅವರು ತಂದ ಪೆಟ್ಟಿಗೆಗಳನ್ನು ನೋಡಬೇಕಿತ್ತು! ಒಂದರಲ್ಲಿ ಹಾಸಿಗೆಯ ಪಕ್ಕ ಇಡುವ ಲ್ಯಾಂಪು. ಅವರ ಮನೆಯ ಬೆಡ್‌ಶೀಟು, ದಿಂಬಿನ ಕವರು, ಗೋಡೆಯ ಕ್ಯಾಲೆಂಡರು. ಕಾಲೊರಸು ಕೂಡ! ಬಂದವರೇ ನಮ್ಮ ಗೆಸ್ಟ್ ರೂಮನ್ನು ತಮ್ಮ ರೂಮು ಮಾಡಿಬಿಟ್ಟರು. ಫೋನಿನಲ್ಲಿ ಫೋಟೋ ನೋಡಿಕೊಂಡು ಲ್ಯಾಂಪನ್ನು ಒಂದು ಬೆರಳು ಆ ಕಡೆ, ಅರ್ಧ ಬೆರಳು ಈ ಕಡೆ ಸರಿಸಿದರು.

"ಏನ್ ಭಾವ, ಶೂಟಿಂಗಿಗೆ ಸೆಟ್ ಹಾಕ್ತಿದ್ದೀರಾ?" ಅಂದೆ.

"ಹೂಂ ಅಂದ್ಕೋ" ಅಂದರು. ಅಕ್ಕ ನಕ್ಕಳು. ಅಕ್ಕ ಮೊದಲಿನಿಂದಲೂ ಮಾತು ಕಡಿಮೆ, ನಗು ಜಾಸ್ತಿ.

ಮಾರನೇ ದಿನ ಮಧ್ಯಾಹ್ನ ಆಟ. ಊಟ ಮುಗಿಸಿ ಭಾವ ಶೇವ್ ಮಾಡಿಕೊಳ್ಳಲು ಹೋದರು. ಇಸ್ತ್ರಿ ಮಾಡಿದ ಕೋಟು ಕುರ್ಚಿಯ ಮೇಲೆ ಕಾಯುತ್ತಿತ್ತು. ಅಕ್ಕನೂ ನನ್ನ ಹೆಂಡತಿಯೂ ಹಿತ್ತಲಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ನನಗೆ ಸುಮ್ಮನಿರಲಾಗಲಿಲ್ಲ. ರೂಮಿಗೆ ನುಗ್ಗಿ ಲ್ಯಾಂಪನ್ನು ಆ ಕಡೆಯಿಂದ ಈ ಕಡೆಗಿಟ್ಟೆ. ಕ್ಯಾಲೆಂಡರು ಸುತ್ತಿ ಬೀರುವಿಗೆ ಹಾಕಿದೆ. ಬೆಡ್‌ಶೀಟು ತೆಗೆದು ನಮ್ಮ ಸೂರ್ಯಕಾಂತಿ ಹೂವಿನದ್ದು ಹಾಸಿದೆ. ಭಾವ ಒಳಗೆ ಬಂದು ಬಾಯಿ ಬಿಡುವುದನ್ನು ನೋಡಿಕೊಂಡರೆ ಮುಂದಿನ ಬಾರ್ಬೆಕ್ಯೂಗೆ ಹೊಸ ಐಟಂ ಸಿಕ್ಕಿತು ಅಂತ ಪ್ಯಾಸೇಜಿನಲ್ಲಿ ನಿಂತೆ.

ಒಳಗೆ ಹೋದದ್ದು ಭಾವ ಅಲ್ಲ, ಅಕ್ಕ.

ಹೋದವಳು ತಕ್ಷಣ ಹೊರಗೆ ಬಂದಳು. ನನ್ನನ್ನು ನೋಡಿದಳು. "ಯಜಮಾನ್ರೇ, ಇದು ಯಾರದೋ ರೂಮು. ನಮ್ಮನೆ ಎಲ್ಲಿ ಅಂತ ಸ್ವಲ್ಪ ತೋರಿಸ್ತೀರಾ?"

ತಮಾಷೆ ಅಂದುಕೊಂಡೆ. ನಕ್ಕೆ. ನಿಜ ಹೇಳುತ್ತೇನೆ, ನಕ್ಕೆ. ಅಕ್ಕ "ನಮ್ಮೋರು ಕಾಯ್ತಿರ್ತಾರೆ" ಅನ್ನುತ್ತ ಮುಂಬಾಗಿಲಿನ ಚಿಲಕ ಎಳೆಯತೊಡಗಿದಳು. ಬಾರದಿದ್ದಾಗ ಅಲ್ಲೇ ಕುಸಿದು ಕೂತು ಅಳತೊಡಗಿದಳು. ನನ್ನ ಮದುವೆಯಲ್ಲಿ ನನಗೆ ಆರತಿ ಎತ್ತಿದ ಅಕ್ಕನಿಗೆ ನಾನು ಯಾರೋ ದಾರಿಹೋಕ ಯಜಮಾನ!

ಭಾವ ಅರ್ಧ ಮುಖಕ್ಕೆ ಸೋಪಿನ ನೊರೆ ಇಟ್ಟುಕೊಂಡೇ ಓಡಿಬಂದರು. ಒಮ್ಮೆ ರೂಮಿನೊಳಗೆ ನೋಡಿದರು, ಒಮ್ಮೆ ನನ್ನನ್ನು. ಒಂದು ಮಾತು ಬೈಯಲಿಲ್ಲ. ಒಳಗೆ ಹೋಗಿ ಹೂವಿನ ಶೀಟು ಎಳೆದು ತಮ್ಮದು ಹಾಸಿದರು. ಲ್ಯಾಂಪು ಅದರ ಜಾಗಕ್ಕೆ ಹೋಯಿತು. ಕ್ಯಾಲೆಂಡರು ಮೊಳೆಗೆ ಏರಿತು. ಕಾಲೊರಸನ್ನು ಅಂಗೈಯಿಂದ ತಟ್ಟಿ ನೇರ ಮಾಡಿದರು. ಆಮೇಲೆ ಬಂದು ಅಕ್ಕನ ಕೈ ಹಿಡಿದು ಎಬ್ಬಿಸಿದರು.

"ಬಾ. ನೋಡು, ನಮ್ಮನೆ."

ಅಕ್ಕ ಬಾಗಿಲಲ್ಲಿ ನಿಂತು ಒಂದೊಂದನ್ನೇ ನೋಡಿದಳು. "ಹೂಂ" ಅಂದಳು. ಹೋಗಿ ಮಲಗಿದಳು.

ನಾನು ಗೋಡೆಗೆ ಒರಗಿ ನಿಂತಿದ್ದೆ. "ಯಾವಾಗಿಂದ ಭಾವ?"

"ಎರಡು ವರ್ಷ ಆಗ್ತಾ ಬಂತು."

"ನಮಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವೆಲ್ಲ ಅವಳ ಹತ್ರ ಮೆಲ್ಲಗೆ ಮಾತಾಡೋಕೆ ಶುರು ಮಾಡ್ತಿದ್ರಿ. ನೀನು ಜೋರಾಗಿ ತಮಾಷೆ ಮಾಡ್ತೀಯಲ್ಲ, ಅದು ಅವಳಿಗೆ ಇಷ್ಟ. ಅದೂ ಬದಲಾಗಿಬಿಟ್ಟರೆ?"

ನಾನು ಬಾಗಿಲ ಬಳಿ ಬಿದ್ದಿದ್ದ ಸೂರ್ಯಕಾಂತಿ ಶೀಟನ್ನು ಎತ್ತಿ ಮಡಚತೊಡಗಿದೆ.

"ಹೊತ್ತಾಯ್ತು, ನೀನು ಹೋಗಿ ನೋಡ್ಕೊಂಡು ಬಾ" ಅಂದರು ಭಾವ. "ಅವಳು ಎದ್ದಾಗ ನಾನು ಕಾಣದಿದ್ರೆ ಮತ್ತೆ ಗಾಬರಿ. ಹೋಗು. ನನ್ನ ಬದಲು ನೋಡು."

ಹೋದೆ. ಅವರು ಕೂರಬೇಕಿದ್ದ ಸೀಟಿನ ಪಕ್ಕ ಕೂತೆ. ಪೆಪ್ಪರ್‌ಮಿಂಟಿನವನ ಹೆಸರು ಬಂತು. ಕೊಲೆಗಾರ ಬಂದ. ರಕ್ತ ಹರಿದಾಗ ಪಕ್ಕದ ಹೆಂಗಸು ಕಣ್ಣು ಮುಚ್ಚಿಕೊಂಡಳು, ಅದು ಸಕ್ಕರೆ ಪಾಕ ಅಂತ ಹೇಳಬೇಕೆನಿಸಿತು. ತಿಂಡಿಯ ದೃಶ್ಯ ಬಂತು. ತಟ್ಟೆ ಬಂತು. ಭಾವನಿಗಾಗಿ ಎಣಿಸಲೇಬೇಕು ಅಂತ ಕಣ್ಣರಳಿಸಿದೆ. ಎಣಿಸುವುದು ಹೇಗೆ? ಎಲ್ಲ ಮಂಜು ಮಂಜು. ಸಾಸೇಜ್ ನೋಡಿ ಕಣ್ಣೀರು ಹಾಕಿದ ಮೊದಲ ಸಸ್ಯಾಹಾರಿ ನಾನೇ ಇರಬೇಕು!

ಮನೆಗೆ ಬಂದಾಗ ಭಾವ ರೂಮಿನ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನಕ್ರಾ?"

"ಒಬ್ಬರೂ ನಗಲಿಲ್ಲ ಭಾವ."

"ನಿಜವಾಗ್ಲೂ?"

"ನಿಮ್ಮಾಣೆ. ಎಲ್ಲರೂ ಅವನ ಮುಖಾನೇ ನೋಡ್ತಿದ್ರು."

"ಎಷ್ಟಿದ್ವು?"

"ನನಗೆ ನೋಡೋಕಾಗಲಿಲ್ಲ."

ಭಾವ ಸದ್ದಿಲ್ಲದೆ ಹೊಟ್ಟೆ ಕುಲುಕಿಸಿ ನಕ್ಕರು. "ನಿನ್ನನ್ನ ಕಳಿಸಿದ್ನಲ್ಲ, ನನಗೆ ಬುದ್ಧಿ ಇಲ್ಲ!" ಆಗ ನಾನು ಅವರ ಕಾಲ ಬಳಿ ಕೂತು, ಬಾರ್ಬೆಕ್ಯೂಗಳಲ್ಲಿ ಮಾಡುತ್ತಿದ್ದ ಅಭಿನಯವನ್ನೆಲ್ಲ ಹೇಳಿಬಿಟ್ಟೆ. ಕುತ್ತಿಗೆ ಚಾಚುವುದನ್ನೂ ಮಾಡಿ ತೋರಿಸಿದೆ. ಅವರು ಗಮನವಿಟ್ಟು ನೋಡಿ, "ಕೈ ಎತ್ತೋದು ಎಡಗೈ. ನೀನು ಬಲಗೈ ಎತ್ತಿದೆ" ಅಂದರು. ಅಷ್ಟೇ ಅವರು ನನಗೆ ಕೊಟ್ಟ ಶಿಕ್ಷೆ.

ಈಗ ತಿಂಗಳಿಗೊಮ್ಮೆ ಗಂಡ ಹೆಂಡತಿ ಮೆಲ್ಬರ್ನಿಗೆ ಹೋಗುತ್ತೇವೆ. ಒಳಗೆ ಬಿಡುವ ಮುಂಚೆ ಭಾವ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡುತ್ತಾರೆ. ಪ್ರತಿ ಸಲವೂ ಅದೇ ಕಂದು ಸ್ವೆಟರ್, ಅದೇ ಕಿಟಕಿ ಪಕ್ಕದ ಕುರ್ಚಿ. ಹೆಣದ ಕನ್ನಡಕದ ಕಥೆಯನ್ನು ಜೋರಾಗಿ ಹೇಳುತ್ತೇನೆ. ಅಕ್ಕ ಹೊಸದಾಗಿ ಕೇಳಿದವಳ ಹಾಗೆ ನಗುತ್ತಾಳೆ. ನನ್ನ ಹೆಸರು ಅವಳಿಗೆ ಗೊತ್ತಿಲ್ಲ. ಆದರೆ ನಕ್ಕು ಮುಗಿದ ಮೇಲೆ ಹತ್ತಿರ ಬಂದು, ಸ್ವೆಟರಿನ ಮೊಣಕೈಯಲ್ಲಿರುವ ತೂತಿಗೆ ಬೆರಳು ಹಾಕಿ, "ಏನ್ರೀ ಇದು, ನನ್ನ ತಂಗಿ ಇಷ್ಟೂ ಹೊಲಿದುಕೊಡಲ್ವಾ ನಿಮಗೆ?" ಅನ್ನುತ್ತಾಳೆ.

ನನ್ನ ಹೆಂಡತಿ ಈ ಮಾತು ಮೊದಲ ಸಲ ಕೇಳಿ ಸಿಡ್ನಿಗೆ ಮರಳಿದಾಗ ನಾಚಿಕೊಂಡು ಸೂಜಿದಾರ ತೆಗೆದಿದ್ದಳು. ನಾನು ಸ್ವೆಟರನ್ನು ಅವಳ ಕೈಯಿಂದ ಕಿತ್ತುಕೊಂಡೆ.

"ಬೇಡ ಕಣೇ" ಅಂದೆ. "ಅಕ್ಕ ನನ್ನನ್ನ ಹಿಡ್ಕೊಂಡಿರೋದೇ ಆ ತೂತಲ್ಲಿ."